ಹಳೇ ಫಾರ್ಚುನರ್, ಎಂಡೆವರ್, ಪಜೆರೊ ಕೊಳ್ಳುವ ಮುಂಚೆ: ಯಾವ ತಲೆಮಾರಿನ ಗಾಡಿ, ಎಲ್ಲೆಲ್ಲಿ ಮುಟ್ಟಿ ನೋಡಬೇಕು

"ಹತ್ತು ವರ್ಷ ಓಡಿದ ಫಾರ್ಚುನರ್ ಸಿಕ್ಕಿದೆ, ಇನ್ನೂ ಹತ್ತು ವರ್ಷ ಬಾಳಿಕೆ ಬರುತ್ತಾ?" "ಎಂಡೆವರ್ ಕಡಿಮೆ ರೇಟಿಗೆ ಬರ್ತಿದೆ, ತಗೊಳ್ಳಬಹುದಾ?" ಈ ಎರಡು ಪ್ರಶ್ನೆಗಳು ನನಗೆ ಬರುತ್ತಲೇ ಇರುತ್ತವೆ. ಕೇಳುವವರಲ್ಲಿ ಸಕಲೇಶಪುರ, ಮಡಿಕೇರಿ ಕಡೆಯ ತೋಟದವರಿದ್ದಾರೆ. ವಾರಾಂತ್ಯಕ್ಕೆ ಘಟ್ಟ ಹತ್ತುವ ಬೆಂಗಳೂರಿನವರಿದ್ದಾರೆ. ದುಬೈ, ದಮ್ಮಾಮ್‌ನಲ್ಲಿ ಕೆಲಸ ಮಾಡುವ ಕರಾವಳಿಯವರೂ ಇದ್ದಾರೆ. ಒಬ್ಬೊಬ್ಬರಿಗೆ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕಂಪನಿಯ ಹೆಸರು ನೋಡಿ ಬಾಳಿಕೆ ಅಳೆಯಬೇಡಿ. ಫಾರ್ಚುನರ್ ಮಾಡುವ ಟೊಯೊಟಾ ಅಂದರೆ ಕಣ್ಣು ಮುಚ್ಚಿ ತಗೊಳ್ಳಬಹುದು ಅನ್ನುವವರು ಬಹಳ. ಆದರೆ ಲ್ಯಾಂಡ್ ಕ್ರೂಸರ್ 80 ಸೀರೀಸ್‌ನಂಥ ಗಟ್ಟಿ ಗಾಡಿಯಲ್ಲೂ ಮೊದಲ ಟರ್ಬೊ ಡೀಸೆಲ್ ಎಂಜಿನ್ನಿನ ಬೇರಿಂಗ್‌ಗಳು ಬೇಗ ಸವೆಯುತ್ತಿದ್ದವು. ಅಮೆರಿಕದಲ್ಲಿ ಟಕೋಮಾ, ಟುಂಡ್ರಾ ಪಿಕಪ್‌ಗಳ ಮತ್ತು ಸಿಕೋಯಾ ಎಸ್‌ಯುವಿಯ ಚಾಸಿ, ಅಂದರೆ ಕೆಳಗಿನ ಉಕ್ಕಿನ ಚೌಕಟ್ಟು, ತುಕ್ಕು ಹಿಡಿದು, ಟೊಯೊಟಾ 2016ರಲ್ಲಿ ಮಾಲೀಕರೊಂದಿಗೆ ದೊಡ್ಡ ಮೊತ್ತದ ರಾಜಿ ಮಾಡಿಕೊಳ್ಳಬೇಕಾಯಿತು. ಪ್ರತಿ ತಲೆಮಾರಿಗೂ ಅದರದ್ದೇ ಒಂದು ದುರ್ಬಲ ಜಾಗ ಇರುತ್ತದೆ. ಅದು ಎಲ್ಲಿದೆ ಅಂತ ತಿಳಿದು, ಆ ಜಾಗಕ್ಕೇ ಕೈ ಹಾಕಿ ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಏನೇನು ಬೇಕು

ಒಳ್ಳೆ ಟಾರ್ಚ್, ನೆಲಕ್ಕೆ ಹಾಸಲು ಹಳೇ ಚಾಪೆ, ದಪ್ಪ ಹಿಡಿಯ ಸ್ಕ್ರೂಡ್ರೈವರ್, ಒಂದು ಬಿಳಿ ಬಟ್ಟೆ. ಮೊಬೈಲ್‌ಗೆ ಜೋಡಿಸುವ ಒಬಿಡಿ ಸ್ಕ್ಯಾನರ್ ಇದ್ದರೆ ಇನ್ನೂ ಒಳ್ಳೆಯದು. ಗಾಡಿಯ ಕಂಪ್ಯೂಟರ್‌ನಲ್ಲಿ ಉಳಿದಿರುವ ದೋಷಗಳ ಪಟ್ಟಿಯನ್ನು ಓದುವ ಸಣ್ಣ ಪ್ಲಗ್ ಅದು. ಇವೆಲ್ಲಕ್ಕಿಂತ ಮುಖ್ಯವಾದದ್ದು ಚಾಸಿ ಗಾಡಿಗಳನ್ನು ಬಿಚ್ಚಿ ಅಭ್ಯಾಸ ಇರುವ ಮೆಕ್ಯಾನಿಕ್. ಸಣ್ಣ ಕಾರುಗಳಷ್ಟೇ ನೋಡಿದವರಿಗೆ ಟ್ರಾನ್ಸ್‌ಫರ್ ಕೇಸ್, ಅಂದರೆ ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆಯ ಸದ್ದು ಗೊತ್ತಾಗುವುದಿಲ್ಲ.

ಗಾಡಿ ನೋಡಲು ಬೆಳಿಗ್ಗೆಯೇ ಹೋಗಿ. "ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಿ" ಅಂತ ಹಿಂದಿನ ದಿನವೇ ಹೇಳಿಡಿ.

ಹಂತ 1: ಹೆಸರು ಒಂದೇ ಇರಬಹುದು, ಗಾಡಿ ಅದೇನಾ ನೋಡಿ

ದೊಡ್ಡ ಆಫ್‌ರೋಡ್ ಎಸ್‌ಯುವಿ ಅಂದರೆ ನಾನು ಇಲ್ಲಿ ಹೇಳುತ್ತಿರುವುದು ಲ್ಯಾಡರ್ ಫ್ರೇಮ್ ಗಾಡಿಗಳ ಬಗ್ಗೆ. ಕೆಳಗೆ ಏಣಿಯ ಆಕಾರದ ಉಕ್ಕಿನ ಚಾಸಿ, ಅದರ ಮೇಲೆ ಬಾಡಿಯನ್ನು ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಮೊನೊಕಾಕ್‌ನಲ್ಲಿ ಬಾಡಿ, ಚಾಸಿ ಎರಡೂ ಒಂದೇ. ಕಲ್ಲು, ಗುಂಡಿಗಳ ದಾರಿಯಲ್ಲಿ ವರ್ಷಗಟ್ಟಲೆ ತಿರುಚಿಸಿಕೊಂಡರೂ ಲ್ಯಾಡರ್ ಫ್ರೇಮ್ ತಾಳುತ್ತದೆ. ಕೆಟ್ಟರೆ ಭಾಗ ಭಾಗವಾಗಿ ಬಿಚ್ಚಿ ಸರಿ ಮಾಡಬಹುದು.

ಎಡವಟ್ಟು ಆಗುವುದು ಹೆಸರಿನಲ್ಲಿ. ಟಾಟಾ ಸಫಾರಿ 1998ರಲ್ಲಿ ಬಂದಾಗ ಚಾಸಿ ಗಾಡಿ. 2012ರ ಸಫಾರಿ ಸ್ಟಾರ್ಮ್ ಕೂಡ ಚಾಸಿ ಗಾಡಿಯೇ, ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವ 4×4 ಸಹ ಸಿಗುತ್ತಿತ್ತು. 2021ರಲ್ಲಿ ಅದೇ ಹೆಸರಿನಲ್ಲಿ ಬಂದದ್ದು ಮೊನೊಕಾಕ್. ಎಂಜಿನ್ ಶಕ್ತಿ ಮುಂದಿನ ಚಕ್ರಗಳಿಗೆ ಮಾತ್ರ. ಊರಿಗೆ, ಹೈವೇಗೆ ಅದು ಒಳ್ಳೆ ಗಾಡಿ. ತೋಟದ ಕೆಸರಿಗೆ ಹಳೇ ಸಫಾರಿಯ ಲೆಕ್ಕದಲ್ಲಿ ಅದನ್ನು ಕೊಂಡರೆ ಕಷ್ಟ.

ಇನ್ನೊಂದು ವಿಷಯ. ರಸ್ತೆಯಲ್ಲಿ ಕಾಣುವ ಫಾರ್ಚುನರ್‌ಗಳಲ್ಲಿ ಎಷ್ಟೋ 4×2, ಅಂದರೆ ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ. ಹಿಂಭಾಗದ 4×4 ಸ್ಟಿಕ್ಕರ್ ನಂಬಬೇಡಿ, ಅದು ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಒಳಗೆ ಟ್ರಾನ್ಸ್‌ಫರ್ ಲಿವರ್ ಅಥವಾ ತಿರುಗಿಸುವ ನಾಬ್ ಇದೆಯಾ ನೋಡಿ. ಕೆಳಗೆ ಬಗ್ಗಿ, ಮುಂದಿನ ಚಕ್ರಗಳ ಕಡೆ ಹೋಗುವ ಶಾಫ್ಟ್ ಇದೆಯಾ ನೋಡಿ.

ಹಂತ 2: ಎಂಜಿನ್‌ಗೂ ಮುಂಚೆ ಚಾಸಿ

ಎಲ್ಲರೂ ಮೊದಲು ಬಾನೆಟ್ ಎತ್ತುತ್ತಾರೆ. ನೀವು ಮೊದಲು ಕೆಳಗೆ ಮಲಗಿ. ಎಂಜಿನ್ ಹೋದರೆ ಇನ್ನೊಂದು ಎಂಜಿನ್ ಹಾಕಬಹುದು. ಚಾಸಿ ತಿಂದುಹೋಗಿದ್ದರೆ ಆ ಗಾಡಿ ಮುಗಿಯಿತು. ಈ ಹಂತಕ್ಕೆ ಕಾಲು ಗಂಟೆ ಸಾಲದು, ಆತುರ ಬೇಡ. ಆದರೆ ರ್‍ಯಾಂಪ್ ಅಥವಾ ಗುಂಡಿ ಇರುವ ಗ್ಯಾರೇಜಿಗೆ ಗಾಡಿ ಒಯ್ಯಿರಿ. ಗ್ಯಾರೇಜು ದೂರ ಇದ್ದರೆ, ಹಂತ 4ರ ತಣ್ಣನೆ ಎಂಜಿನ್ ಪರೀಕ್ಷೆ ಮುಗಿಸಿಕೊಂಡೇ ಹೊರಡಿ. ಬರೀ ಜಾಕಿ ಕೊಟ್ಟು ಅದರ ಕೆಳಗೆ ಮಾತ್ರ ಯಾವತ್ತೂ ನುಸುಳಬೇಡಿ.

ನೋಡಬೇಕಾದ ಜಾಗಗಳು ಇವು: ಹಿಂದಿನ ಚಕ್ರದ ಮೇಲೆ ಚಾಸಿ ಕಮಾನಿನಂತೆ ಬಾಗುವ ಭಾಗ, ಸ್ಟೆಪ್ನಿ ನೇತಾಡುವ ಸುತ್ತಮುತ್ತ, ಹಿಂದಿನ ಸ್ಪ್ರಿಂಗ್ ಕೂರುವ ಬಟ್ಟಲು, ಬಾಡಿ ಮೌಂಟ್‌ಗಳು. ಬಾಡಿಗೂ ಚಾಸಿಗೂ ನಡುವೆ ಇರುವ ರಬ್ಬರ್ ಮೆತ್ತೆಗಳೇ ಬಾಡಿ ಮೌಂಟ್. ಚಾಸಿ ಒಳಗೆ ಟೊಳ್ಳು. ಪಕ್ಕದ ತೂತುಗಳಿಂದ ನುಗ್ಗಿದ ಮಲೆನಾಡಿನ ಕೆಂಪು ಮಣ್ಣು ಅಲ್ಲೇ ಗಟ್ಟಿಯಾಗಿ ಕೂತು, ಮಳೆಗಾಲ ಪೂರ್ತಿ ತೇವ ಹಿಡಿದಿಡುತ್ತದೆ. ತುಕ್ಕು ಒಳಗಿನಿಂದ ಶುರುವಾಗುತ್ತದೆ, ಹೊರಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಕಾರವಾರದಿಂದ ಮಂಗಳೂರಿನವರೆಗೆ ಸಮುದ್ರದ ಪಕ್ಕದಲ್ಲೇ ನಿಂತ ಗಾಡಿಗಳಲ್ಲಿ ಉಪ್ಪಿನ ಗಾಳಿಯ ಕಾಟ ಬೇರೆ.

ಸ್ಕ್ರೂಡ್ರೈವರ್‌ನ ಹಿಡಿಯಿಂದ ಚಾಸಿಯ ಉದ್ದಕ್ಕೂ ಬಡಿದುಕೊಂಡು ಹೋಗಿ. ಗಟ್ಟಿ ಉಕ್ಕು ಟಣ್ ಅನ್ನುತ್ತದೆ. ತಿಂದುಹೋದ ಜಾಗ ಡಬ್ ಅನ್ನುತ್ತದೆ. ಸದ್ದು ಬದಲಾದ ಕಡೆ ತುದಿಯಿಂದ ಒತ್ತಿ. ಪದರ ಪದರವಾಗಿ ಎದ್ದು ಬಂದರೆ ಅಲ್ಲಿಗೆ ಮಾತು ಮುಗಿಸಿ, ಮನೆಗೆ ಬನ್ನಿ. ಮೇಲ್ಮೈಯಲ್ಲಿ ಕಂದು ಬಣ್ಣದ ಧೂಳಿನಂಥ ತುಕ್ಕು ಮಾತ್ರ ಇದ್ದರೆ ಭಯ ಬೇಡ, ಉಜ್ಜಿ ಬಣ್ಣ ಹೊಡೆಸಬಹುದು.

ಎಚ್ಚರ: ಕೆಳಭಾಗಕ್ಕೆ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆಸಿದ್ದರೆ ಖುಷಿ ಪಡಬೇಡಿ. ಮಾರುವ ವಾರದಲ್ಲಿ ಹೊಡೆಸಿದ ಕೋಟಿಂಗ್ ಏನನ್ನೋ ಮುಚ್ಚಲು ಹೊಡೆಸಿದ್ದೇ ಹೆಚ್ಚು. ಚಾಸಿ ಮೇಲೆ ವೆಲ್ಡಿಂಗ್ ಗುರುತು ಕಂಡರೆ, ಬಲ ಮತ್ತು ಎಡ ಬದಿಯನ್ನು ಹೋಲಿಸಿ ನೋಡಿ. ಕಾರ್ಖಾನೆಯ ವೆಲ್ಡಿಂಗ್ ಎರಡೂ ಕಡೆ ಒಂದೇ ತರ ಇರುತ್ತದೆ. ಆರ್‌ಸಿಯಲ್ಲಿರುವ ಚಾಸಿ ನಂಬರ್, ಫ್ರೇಮ್ ಮೇಲೆ ಕೊರೆದ ನಂಬರ್ ಎರಡೂ ಒಂದೇನಾ ಅಂತ ಇದೇ ಹೊತ್ತಿನಲ್ಲಿ ನೋಡಿಬಿಡಿ.

ಹಂತ 3: ನಿಮ್ಮ ಗಾಡಿ ಯಾವ ತಲೆಮಾರು, ಅದರ ಕಾಯಿಲೆ ಏನು

ಫಾರ್ಚುನರ್, ಮೊದಲ ತಲೆಮಾರು (2009ರಿಂದ 2016). ನಮ್ಮ ಬಿಡದಿಯಲ್ಲೇ ತಯಾರಾದ ಗಾಡಿ. 3.0 ಲೀಟರ್ ಡೀಸೆಲ್, 343 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ. ಇದೇ ಎಂಜಿನ್ ಟೊಯೊಟಾದ ಹೈಲಕ್ಸ್, ಪ್ರಾಡೊಗಳಲ್ಲೂ ಇತ್ತು, ಹಾಗಾಗಿ ಇದರ ಗುಣ ದೋಷ ಎರಡೂ ಜಗತ್ತಿಗೇ ಗೊತ್ತು. ಚೆನ್ನಾಗಿ ನೋಡಿಕೊಂಡರೆ ಲಕ್ಷಗಟ್ಟಲೆ ಕಿ.ಮೀ ಓಡುತ್ತದೆ. ನೋಡಬೇಕಾದದ್ದು ಎರಡು.

ಒಂದು, ಇಂಜೆಕ್ಟರ್. ಇದು ಸಿಲಿಂಡರ್ ಒಳಗೆ ಡೀಸೆಲ್ ಚಿಮ್ಮಿಸುವ ಭಾಗ. ಪ್ರತಿ ಇಂಜೆಕ್ಟರ್ ಬುಡದಲ್ಲಿ ಒಂದು ತಾಮ್ರದ ವಾಷರ್ ಇದೆ. ಅದು ಸೋರಿದರೆ ಸಿಲಿಂಡರ್‌ನ ಹೊಗೆ ಎಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ಡಾಂಬರಿನಂತೆ ದಪ್ಪವಾಗಿ, ಕೆಳಗಿನ ಸಂಪ್‌ನಲ್ಲಿರುವ ಜಾಲರಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಆಯಿಲ್ ಮೇಲೇರದೆ ಎಂಜಿನ್ ಹಿಡಿದುಕೊಳ್ಳುತ್ತದೆ. ಒಂದು ಪುಟ್ಟ ಭಾಗ ಕೆಟ್ಟು ಎಂಜಿನ್ನೇ ಹೋಗುವ ಪರಿಸ್ಥಿತಿ ಅಂದುಕೊಳ್ಳಿ. ಕೋಲ್ಡ್ ಸ್ಟಾರ್ಟ್‌ನಲ್ಲಿ ಟಕ್ ಟಕ್ ಬಡಿತ, ಐಡ್ಲಿಂಗ್‌ನಲ್ಲಿ ನಡುಕ ಇದ್ದರೆ ಅನುಮಾನ ಪಡಿ. ಇಂಜೆಕ್ಟರ್ ಯಾವಾಗ ಬಿಚ್ಚಿದ್ದು, ವಾಷರ್ ಬದಲಿಸಿದ್ದಾರಾ ಅಂತ ಬಿಲ್ ಸಮೇತ ಕೇಳಿ.

ಎರಡು, ಟೈಮಿಂಗ್ ಬೆಲ್ಟ್. ಎಂಜಿನ್ನಿನ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ನೋಡಿಕೊಳ್ಳುವ ಬೆಲ್ಟ್ ಇದು. ಸುಮಾರು 1,50,000 ಕಿ.ಮೀ.ಗೆ ಬದಲಿಸಬೇಕು. ತುಂಡಾದರೆ ವಾಲ್ವ್, ಪಿಸ್ಟನ್ ಹೊಡೆದುಕೊಳ್ಳುತ್ತವೆ. ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಾಕಿ, ಆ ಖರ್ಚನ್ನು ರೇಟಿನಲ್ಲಿ ಕಡಿಮೆ ಮಾಡಿಸಿ.

ಈ ತಲೆಮಾರಿನ 4×4ನಲ್ಲಿ ನಾಲ್ಕು ಚಕ್ರಗಳಿಗೂ ಯಾವಾಗಲೂ ಶಕ್ತಿ ಹೋಗುತ್ತಿರುತ್ತದೆ. ಹಿಂದೆ ಡ್ರಮ್ ಬ್ರೇಕ್. ಘಟ್ಟ ಇಳಿಯುವಾಗ ಬ್ರೇಕ್ ಮೇಲೆ ಜಾಸ್ತಿ ಭರವಸೆ ಇಡಬೇಡಿ.

ಫಾರ್ಚುನರ್, ಎರಡನೇ ತಲೆಮಾರು (ನವೆಂಬರ್ 2016ರಿಂದ). 2.8 ಲೀಟರ್ ಡೀಸೆಲ್, ಬೆಲ್ಟ್ ಬದಲು ಚೈನ್, ಹಿಂದೆಯೂ ಡಿಸ್ಕ್ ಬ್ರೇಕ್. 4×4 ಈಗ ಬೇಕಾದಾಗ ಮಾತ್ರ ಹಾಕುವಂಥದ್ದು. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಿಎಸ್6 ಅನ್ನುವ ಹೊಗೆ ನಿಯಮ ಬಂತು, ಅದಕ್ಕೂ ಮುಂಚೆ ಇದ್ದದ್ದು ಬಿಎಸ್4. ಅಲ್ಲಿಂದ ಈಚಿನ ಡೀಸೆಲ್‌ಗಳಲ್ಲಿ ಡಿಪಿಎಫ್ ಇರುತ್ತದೆ, ಅಂದರೆ ಹೊಗೆಯ ಮಸಿಯನ್ನು ಹಿಡಿದಿಟ್ಟು ಆಗಾಗ ತಾನೇ ಸುಟ್ಟುಹಾಕುವ ಜಾಲರಿ. ಆಸ್ಟ್ರೇಲಿಯಾದಲ್ಲಿ 2015ರ ಅಕ್ಟೋಬರ್‌ನಿಂದ 2020ರ ಏಪ್ರಿಲ್‌ವರೆಗೆ ಮಾರಿದ ಹೈಲಕ್ಸ್, ಪ್ರಾಡೊ, ಫಾರ್ಚುನರ್ ಸೇರಿ 2.6 ಲಕ್ಷಕ್ಕೂ ಹೆಚ್ಚು ಡೀಸೆಲ್ ಗಾಡಿಗಳ ಡಿಪಿಎಫ್ ದೋಷಪೂರಿತ ಅಂತ ಅಲ್ಲಿನ ಫೆಡರಲ್ ಕೋರ್ಟ್ 2022ರಲ್ಲಿ ಹೇಳಿತು. ನಮ್ಮ ಬಿಎಸ್4 ಗಾಡಿಗಳಲ್ಲಿ ಸಾಮಾನ್ಯವಾಗಿ ಈ ಜಾಲರಿ ಇರುವುದಿಲ್ಲ, ಹಾಗಾಗಿ ತಲೆನೋವೂ ಕಡಿಮೆ.

ನನ್ನನ್ನು ಕೇಳಿದರೆ, ಹತ್ತು ವರ್ಷ ಇಟ್ಟುಕೊಳ್ಳುವ ಉದ್ದೇಶ ಇದ್ದವರಿಗೆ ಈ 2016ರಿಂದ 2020ರ ನಡುವಿನ ಬಿಎಸ್4 4×4 ಫಾರ್ಚುನರ್ ಎಲ್ಲಕ್ಕಿಂತ ಸೇಫ್. ಬೆಲೆ ಇಳಿಯಲ್ಲ ಅನ್ನುವುದೇ ಅದರ ಒಂದು ಸಮಸ್ಯೆ.

ಫೋರ್ಡ್ ಎಂಡೆವರ್ (2016ರಿಂದ 2021). 3.2 ಲೀಟರ್, ಐದು ಸಿಲಿಂಡರ್, 470 ಎನ್‌ಎಂ. ಕಲ್ಲು ದಾರಿಯಲ್ಲಿ ಕೂತ ಸುಖ, ಹೈವೇಯಲ್ಲಿ ನೆಲ ಕಚ್ಚಿ ಹೋಗುವ ರೀತಿ ಎರಡರಲ್ಲೂ ಇದು ಆ ಕಾಲದ ಫಾರ್ಚುನರ್‌ಗಿಂತ ಮೇಲು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. 2.2 ಮತ್ತು 3.2 ಎಂಜಿನ್‌ಗಳಲ್ಲಿ ಟೈಮಿಂಗ್ ಚೈನ್ ಇದೆ. 2020ರಲ್ಲಿ ಬಂದ ಬಿಎಸ್6 2.0 ಲೀಟರ್ ಎಂಜಿನ್‌ನಲ್ಲಿ ಆಯಿಲ್‌ನಲ್ಲೇ ನೆನೆದುಕೊಂಡು ಓಡುವ ಬೆಲ್ಟ್ ಇದೆ. ತಪ್ಪು ಗ್ರೇಡ್ ಆಯಿಲ್ ಹಾಕಿದರೆ, ಆಯಿಲ್ ಬದಲಿಸುವುದು ತಡ ಮಾಡಿದರೆ ಆ ಬೆಲ್ಟ್ ಉದುರಲು ಶುರುವಾಗುತ್ತದೆ. ಉದುರಿದ ಚೂರುಗಳು ಆಯಿಲ್ ಜಾಲರಿಗೇ ಹೋಗಿ ಕೂರುತ್ತವೆ. ಸರ್ವಿಸ್ ದಾಖಲೆ ಪೂರ್ತಿ ಇಲ್ಲದ 2.0 ಬೇಡವೇ ಬೇಡ.

ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಫಿಲ್ಟರ್, ಬ್ರೇಕ್ ಪ್ಯಾಡ್ ಸಿಗುವುದಕ್ಕೆ ತೊಂದರೆಯಿಲ್ಲ. ಹೆಡ್‌ಲೈಟ್, ಬಾಡಿ ಪ್ಯಾನೆಲ್, ಎಲೆಕ್ಟ್ರಾನಿಕ್ ಭಾಗಗಳಿಗೆ ಕಾಯಬೇಕಾಗಬಹುದು. ಮನೆಯಲ್ಲಿ ಇನ್ನೊಂದು ಗಾಡಿ ಇದ್ದರೆ ಎಂಡೆವರ್ ಧೈರ್ಯವಾಗಿ ತಗೊಳ್ಳಿ. ಇರುವುದೊಂದೇ ಗಾಡಿ ಅಂದರೆ ಯೋಚನೆ ಮಾಡಿ.

ಪಜೆರೊ ಸ್ಪೋರ್ಟ್ (2012ರಿಂದ). 2.5 ಲೀಟರ್ ಡೀಸೆಲ್, ಟೈಮಿಂಗ್ ಬೆಲ್ಟ್ ಇರುವ ಎಂಜಿನ್. 4×4 ವ್ಯವಸ್ಥೆ ಬಹಳ ಒಳ್ಳೆಯದು, ಟಾರ್ ರಸ್ತೆಯಲ್ಲೂ ನಾಲ್ಕು ಚಕ್ರಕ್ಕೆ ಶಕ್ತಿ ಕೊಟ್ಟು ಓಡಿಸಬಹುದು. ಅದಕ್ಕೂ ಹಿಂದಿನ, 2002ರಲ್ಲಿ ಹಿಂದೂಸ್ತಾನ್ ಮೋಟಾರ್ಸ್ ತಂದ 2.8 ಲೀಟರ್ ಪಜೆರೊ ಎಸ್‌ಎಫ್‌ಎಕ್ಸ್ ಪ್ರೀತಿಗೆ ಕೊಳ್ಳುವ ಗಾಡಿ. ಒಮ್ಮೆ ಜೋರಾಗಿ ಬಿಸಿ ಏರಿದ್ದರೆ ಅದರ ಸಿಲಿಂಡರ್ ಹೆಡ್ ಬಿರುಕು ಬಿಟ್ಟಿರಬಹುದು. ರೇಡಿಯೇಟರ್ ನೀರಿನಲ್ಲಿ ಗುಳ್ಳೆ ಏಳುತ್ತಾ ನೋಡಿ. ಎರಡಕ್ಕೂ ಬಿಡಿಭಾಗ ಹುಡುಕುವ ತಾಳ್ಮೆ ಬೇಕು.

ಹಂತ 4: ತಣ್ಣಗಿರುವ ಎಂಜಿನ್ ಮೊದಲ ಬಾರಿ ಎದ್ದಾಗ

ಬಾನೆಟ್ ಮುಟ್ಟಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿದ್ದಾರೆ. ಇನ್ನೊಂದು ದಿನ ಬನ್ನಿ.

ಸ್ಟಾರ್ಟ್ ಮಾಡುವ ಮುಂಚೆ ಡಿಪ್‌ಸ್ಟಿಕ್ ತೆಗೆದು ಬಿಳಿ ಬಟ್ಟೆಗೆ ಒರೆಸಿ. ಡೀಸೆಲ್‌ನಲ್ಲಿ ಆಯಿಲ್ ಕಪ್ಪಾಗಿರುವುದು ಸಹಜ. ಕೈಗೆ ಕಣಕಣ ಸಿಗಬಾರದು, ಹಾಲು ಬೆರೆಸಿದ ಬಣ್ಣ ಇರಬಾರದು. ಬಿಎಸ್6 ಗಾಡಿಯಲ್ಲಿ ಆಯಿಲ್ ಮಟ್ಟ ಮೇಲಿನ ಗೆರೆ ದಾಟಿದ್ದರೆ ಅದು ಕೆಟ್ಟ ಸೂಚನೆ. ಮಸಿ ಸುಡಲು ಚಿಮ್ಮಿಸಿದ ಡೀಸೆಲ್ ಆಯಿಲ್‌ಗೆ ಇಳಿದಿರಬಹುದು. ಪೇಟೆಯೊಳಗೆ ಚಿಕ್ಕ ಚಿಕ್ಕ ಓಡಾಟಕ್ಕಷ್ಟೇ ಬಳಸಿದ ಗಾಡಿಗಳಲ್ಲಿ ಇದು ಜಾಸ್ತಿ.

ಸ್ಟಾರ್ಟ್ ಆದ ಮೇಲೆ ಹೊಗೆ ನೋಡಿ. ಕ್ಷಣಕಾಲದ ಬಿಳಿ ಹೊಗೆ ಪರವಾಗಿಲ್ಲ. ನೀಲಿ ಹೊಗೆ ನಿಲ್ಲದೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಆಮೇಲೆ ಆಯಿಲ್ ತುಂಬುವ ಮುಚ್ಚಳ ಬಿಚ್ಚಿ ಸುಮ್ನೆ ಅಲ್ಲೇ ಇಡಿ. ಸ್ವಲ್ಪ ಅಲುಗಾಡಿದರೆ ಸರಿ. ಎಗರಿ ಬೀಳುವಷ್ಟು ಗಾಳಿ ನುಗ್ಗಿದರೆ ಪಿಸ್ಟನ್ ರಿಂಗ್ ಸವೆದಿವೆ.

ಹಂತ 5: 4×4 ಹಾಕಿಸಿ ನೋಡಿ

ಇದನ್ನು ಬಿಡುವವರೇ ಜಾಸ್ತಿ. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಟ್ರಾನ್ಸ್‌ಫರ್ ಕೇಸ್ ಜಾಮ್ ಆಗಿರುವುದು ಸಾಮಾನ್ಯ.

ಮಣ್ಣಿನ ಮೈದಾನಕ್ಕೆ ಹೋಗಿ. ಟಾರ್ ರಸ್ತೆಯಲ್ಲಿ ಈ ಪರೀಕ್ಷೆ ಬೇಡ. ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಬೇಕು, 4×4 ಬಿಗಿದುಕೊಂಡಾಗ ಅದು ಆಗುವುದಿಲ್ಲ, ಗೇರ್‌ಗಳಿಗೆ ಪೆಟ್ಟು. ಎರಡನೇ ತಲೆಮಾರಿನ ಫಾರ್ಚುನರ್‌ನಲ್ಲಿ ನಾಬ್ ಅನ್ನು ಎಚ್2ರಿಂದ ಎಚ್4ಕ್ಕೆ ತಿರುಗಿಸಿ, ಡ್ಯಾಶ್‌ನ ದೀಪ ಮಿನುಗಿ ಸ್ಥಿರವಾಗಬೇಕು. ಆಮೇಲೆ ಪೂರ್ತಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ ಎಲ್4. ಇದು ವೇಗ ಕಡಿಮೆ, ಎಳೆತ ಜಾಸ್ತಿ ಇರುವ ಗೇರ್. ದೀಪ ಮಿನುಗುತ್ತಲೇ ಉಳಿದರೆ ಆಕ್ಚುಯೇಟರ್ ಅನ್ನುವ ಸಣ್ಣ ಮೋಟಾರ್ ಕೆಟ್ಟಿರಬಹುದು. ಮೊದಲ ತಲೆಮಾರಿನಲ್ಲಿ ಇದೇ ಕೆಲಸಕ್ಕೆ ಲಿವರ್ ಇದೆ. ಕಿರುಚದೆ, ಜಾರಿ ಹೊರಬರದೆ ಕೂರಬೇಕು.

ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಸುತ್ತು ಹಾಕಿ. ಮುಂದಿನ ಚಕ್ರದಿಂದ ಕಟ್ ಕಟ್ ಬಂದರೆ ಡ್ರೈವ್ ಶಾಫ್ಟ್ ಜಾಯಿಂಟ್ ಸವೆದಿದೆ. ಸಸ್ಪೆನ್ಷನ್ ಬುಷ್, ಶಾಕ್ ಅಬ್ಸಾರ್ಬರ್, ಟೈರ್ ಇವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಸವೆಯುವ ವಸ್ತುಗಳು ಅವು, ಬದಲಿಸಿದರೆ ಆಯಿತು.

ಹಂತ 6: ನೀರು ಕುಡಿದ ಗಾಡಿ, ದೆಹಲಿಯಿಂದ ಬಂದ ಗಾಡಿ

2015ರ ಚೆನ್ನೈ, 2018ರ ಕೇರಳ ಮತ್ತು ಕೊಡಗು, 2022ರ ಬೆಂಗಳೂರು. ಪ್ರತಿ ನೆರೆಯ ನಂತರವೂ ಮುಳುಗಿದ ಗಾಡಿಗಳು ತೊಳೆಸಿಕೊಂಡು ಮಾರುಕಟ್ಟೆಗೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಯಾರೂ ತೊಳೆಯದ ಜಾಗ ಅದು, ಕೊನೆಯ ಒಂದು ಗೇಣಿನಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಬೋಲ್ಟ್‌ಗಳ ತುಕ್ಕು ನೋಡಿ, ಕಾರ್ಪೆಟ್ ಮೂಲೆ ಎತ್ತಿ ಮೂಸಿ ನೋಡಿ.

ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧ ಹಾಕಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಮೇಲೆ ಅಲ್ಲಿನ ಗಾಡಿಗಳು ಕಡಿಮೆ ರೇಟಿಗೆ ನಮ್ಮ ಕಡೆ ಬರತೊಡಗಿದವು. ಗಾಡಿ ಒಳ್ಳೆಯದೇ ಇರಬಹುದು. ಆದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಇಲ್ಲಿ ಹೊಸ ನಂಬರ್, ಕರ್ನಾಟಕದ ಲೈಫ್ ಟ್ಯಾಕ್ಸ್ ಎಲ್ಲ ಸೇರಿಸಿ ಲೆಕ್ಕ ಹಾಕಿ. ನಮ್ಮ ಲೈಫ್ ಟ್ಯಾಕ್ಸ್ ದೇಶದಲ್ಲೇ ಜಾಸ್ತಿ ಇರುವವುಗಳಲ್ಲಿ ಒಂದು. "ಎನ್‌ಒಸಿ ಆಮೇಲೆ ಕೊಡ್ತೀವಿ" ಅನ್ನುವ ಬ್ರೋಕರ್‌ಗೆ ಅಡ್ವಾನ್ಸ್ ಕೊಡಬೇಡಿ. ಸಾಲ ಇದ್ದ ಗಾಡಿಯಾದರೆ, ಸಾಲ ತೀರಿದೆ ಅಂತ ಬ್ಯಾಂಕ್ ಸಹಿ ಮಾಡಿದ ಫಾರಂ 35 ಕೈಗೆ ಬರಬೇಕು.

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಅದಾದ ಮೇಲೆ ಫಿಟ್‌ನೆಸ್ ಮಾಡಿಸಿ ನವೀಕರಿಸಬೇಕು. 2009, 2010ರ ಫಾರ್ಚುನರ್ ನೋಡುತ್ತಿದ್ದರೆ ಇದು ಆಗಿದೆಯಾ ಕೇಳಿ.

ಮೀಟರ್ ತಿರುಗಿಸುವುದು ಈಗಲೂ ನಡೆಯುತ್ತದೆ. ಗಾಡಿ ನಂಬರ್ ಕೊಟ್ಟು ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಹಳೇ ದಾಖಲೆ ತೆಗೆಸಿ, ಪ್ರತಿ ಸರ್ವಿಸ್‌ನ ಕಿ.ಮೀ ಏರುತ್ತಾ ಬಂದಿದೆಯಾ ನೋಡಿ.

ಗಲ್ಫ್‌ನಲ್ಲಿ ಕೊಳ್ಳುವವರಿಗೆ ಒಂದೆರಡು ಮಾತು. ಅಲ್ಲಿ ಟೊಯೊಟಾ ಲ್ಯಾಂಡ್ ಕ್ರೂಸರ್, ನಿಸಾನ್ ಪ್ಯಾಟ್ರೋಲ್ ಗಾಡಿಗಳೇ ರಾಜರು. ಜಿಸಿಸಿ ಸ್ಪೆಕ್ ಗಾಡಿ, ಅಂದರೆ ಅಲ್ಲಿನ ಬಿಸಿಲಿಗೆಂದೇ ಮಾಡಿದ ಗಾಡಿ ಮಾತ್ರ ನೋಡಿ. ಅಮೆರಿಕದ ಹರಾಜಿನಿಂದ ಬಂದ ಅಪಘಾತದ ಗಾಡಿಗಳು ಅಲ್ಲಿ ಹೊಳೆಯುತ್ತಾ ನಿಂತಿರುತ್ತವೆ. ಊರಿಗೆ ತರುವ ಆಸೆ ಇಟ್ಟುಕೊಳ್ಳಬೇಡಿ, ಎಡಗಡೆ ಸ್ಟೀರಿಂಗ್ ಗಾಡಿಗೆ ಇಲ್ಲಿ ಸಾಮಾನ್ಯವಾಗಿ ನೋಂದಣಿ ಸಿಗುವುದಿಲ್ಲ.

ಹಂತ 7: ಕೊಂಡ ಮೇಲೆ ಮೊದಲ ತಿಂಗಳು

ಹಿಂದಿನ ಮಾಲೀಕರು ಏನೇ ಹೇಳಲಿ, ಎಲ್ಲ ಆಯಿಲ್‌ಗಳನ್ನೂ ಬದಲಿಸಿ. ಎಂಜಿನ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್ (ಆಕ್ಸಲ್‌ನಲ್ಲಿರುವ ಗೇರ್ ಪೆಟ್ಟಿಗೆ) ಎಲ್ಲವೂ. ಡಿಫರೆನ್ಷಿಯಲ್ ಆಯಿಲ್ ಹಾಲಿನಂತಿದ್ದರೆ ಹೊಳೆ ದಾಟುವಾಗ ನೀರು ಒಳಗೆ ಹೋಗಿದೆ ಅಂತ ಅರ್ಥ. ಬ್ರೀದರ್ ಪೈಪ್, ಅಂದರೆ ಆಕ್ಸಲ್ ಉಸಿರಾಡುವ ಸಣ್ಣ ಕೊಳವೆ, ಮುಚ್ಚಿಕೊಂಡಿದೆಯಾ ನೋಡಿಸಿ. ಡೀಸೆಲ್ ಫಿಲ್ಟರ್ ಹೊಸದು ಹಾಕಿಸಿ. ಆಟೊಮ್ಯಾಟಿಕ್ ಗೇರ್ ಬಾಕ್ಸ್‌ನ ಆಯಿಲ್ ಜೀವನಪರ್ಯಂತ ಬರುತ್ತೆ ಅನ್ನುವವರ ಮಾತು ಕೇಳಬೇಡಿ. ಘಟ್ಟ, ಕೆಸರು ಅಂತ ಓಡುವ ಗಾಡಿಗೆ ಅದೂ ಬದಲಾಗಬೇಕು.

ಮಳೆಗಾಲದ ಓಡಾಟದ ನಂತರ ಚಾಸಿಯ ತೂತುಗಳೊಳಗೆ ಪೈಪ್ ಬಿಟ್ಟು ಮಣ್ಣು ಪೂರ್ತಿ ತೊಳೆಯಿರಿ. ಒಣಗಿದ ಮೇಲೆಯೇ ತುಕ್ಕು ತಡೆಯುವ ಕೋಟಿಂಗ್ ಹೊಡೆಸಿ. ಒದ್ದೆ ಮಣ್ಣಿನ ಮೇಲೆ ಹೊಡೆದರೆ ತುಕ್ಕನ್ನು ಒಳಗೇ ಕೂಡಿಹಾಕಿದ ಹಾಗೆ. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಸ್ವಲ್ಪ ದೂರ 4×4 ಹಾಕಿ ಓಡಿಸಿ. ಒಳಗಿನ ಭಾಗಗಳಿಗೆ ಆಯಿಲ್ ಹತ್ತುತ್ತದೆ.

3.2 ಎಂಡೆವರ್ ಕೊಂಡವರಿಗೆ ಇನ್ನೊಂದು ವಿಷಯ, ಮೆಕ್ಯಾನಿಕ್‌ಗೆ ಮರೆಯದೆ ಹೇಳಿ. ಈ ಎಂಜಿನ್‌ನ ಹಳೇ ಆಯಿಲ್ ಬಸಿದ ಮೇಲೆ ಹತ್ತು ನಿಮಿಷದೊಳಗೆ ಹೊಸ ಆಯಿಲ್ ಒಳಗೆ ಹೋಗಬೇಕು. ಆಯಿಲ್ ಬಸಿಯಲು ಬಿಟ್ಟು ಊಟಕ್ಕೆ ಹೋದರೆ ಪಂಪ್ ಖಾಲಿಯಾಗಿ, ಸ್ಟಾರ್ಟ್ ಮಾಡಿದಾಗ ಆಯಿಲ್ ಎಳೆಯುವುದಿಲ್ಲ. ಎಂಜಿನ್ ಒಣಗಿಯೇ ಓಡಿ ಹಾಳಾಗುತ್ತದೆ. ಹೊಸ ಫಿಲ್ಟರ್, ಹೊಸ ಆಯಿಲ್ ಕ್ಯಾನ್ ಎರಡನ್ನೂ ಮುಚ್ಚಳ ಬಿಚ್ಚಿ ಪಕ್ಕದಲ್ಲಿಟ್ಟುಕೊಂಡ ಮೇಲೆಯೇ ಡ್ರೈನ್ ಬೋಲ್ಟ್ ಬಿಚ್ಚಲು ಹೇಳಿ.